ಮ್ಯಾಂಡೊಲಿನ್‌ಗೆ ಸಣ್ಣ ತಂತಿನೋ, ದಪ್ಪ ತಂತಿನೋ?

ಈ ಪ್ರಶ್ನೆಗೆ ಉತ್ತರ ಅಂಗಡ್ಯಾಗ ಇಲ್ಲ, ವಾದ್ಯದ ಹೊಟ್ಟ್ಯಾಗ ಅದ.

ಇಟಲಿಯ ನೇಪಲ್ಸ್‌ನ ಮ್ಯಾಂಡೊಲಿನ್ ಬೆನ್ನು ಅರ್ಧ ಕುಂಬಳಕಾಯಿ ಹಂಗ. ಮ್ಯಾಲಿನ ಹಲಗಿ ಭಾಳ ತೆಳು. 8 ತಂತಿಗಳ ಎಳೆತ ಅದರ ಮ್ಯಾಲ. ಅದೇ ಸ್ವರಕ್ಕ ದಪ್ಪ ತಂತಿ ಬಿಗಿದ್ರ ಎಳೆತ ಹೆಚ್ಚಿ ಹಲಗಿ ಕುಸೀಬಹುದು, ಕುತ್ತಿಗಿ ಬಾಗಬಹುದು.

1898ರಲ್ಲಿ ಅಮೆರಿಕದ ಆರ್ವಿಲ್ ಗಿಬ್ಸನ್, ಪಿಟೀಲಿನಂಗ ಉಬ್ಬು ಕೆತ್ತಿದ ಹಲಗಿಯ ಮ್ಯಾಂಡೊಲಿನ್‌ಗೆ ಪೇಟೆಂಟ್ ಪಡೆದರು. ಆ ಜಾತಿಯ ವಾದ್ಯಕ್ಕ ದಪ್ಪ ತಂತಿ ಒಗ್ಗಿತು, ದನಿ ದೊಡ್ಡದಾತು.

ನಮ್ಮ ಕರ್ನಾಟಕ ಸಂಗೀತಕ್ಕ ಗಮಕ ಬೇಕಲ್ಲ! ಯು. ಶ್ರೀನಿವಾಸ್ ಜೋಡಿ ತಂತಿ ಬಿಟ್ಟು ಎಲೆಕ್ಟ್ರಿಕ್ ಮ್ಯಾಂಡೊಲಿನ್‌ಗೆ 5 ಒಂಟಿ ತಂತಿ ಹಾಕಿದರು. ದನಿಯ ಭಾರ ಕರೆಂಟು ಹೊತ್ತಿತು, ಬೆರಳು ಹಗುರಾದವು.

ಅದಕ್ಕ ಮನ್ಯಾಗ ಹಳೇ ದುಂಡು ಬೆನ್ನಿನ ವಾದ್ಯ ಇದ್ರ, ಸಣ್ಣ ತಂತೀನ ಹಾಕ್ರಿ ಅಂತೀನಿ ನಾನು. ದನಿ ಸ್ವಲ್ಪ ಕಡಿಮಿ ಆದರೂ ವಾದ್ಯ ಉಳೀತದ.