ಗುತ್ತಿಯ ನೀಲಿ ಜೇಡ: ತಪ್ಪು ವಿಳಾಸದ ಒಂದು ಚರಿತ್ರೆ

ಬೆಂಗಳೂರಿನ ರಿಚರ್ಡ್ಸ್ ಟೌನಿನಲ್ಲಿರುವ ನಮ್ಮ ಮನೆಗೆ ಬೆಂಗಳೂರು ಪೂರ್ವ ನಿಲ್ದಾಣದ ಕಡೆಯಿಂದ ರೈಲಿನ ಸದ್ದು ಕೇಳಿಸುತ್ತದೆ. ಕಳೆದ ಮಳೆಗಾಲದ ಒಂದು ಸಂಜೆ, ಪಕ್ಕದ ಬೀದಿಯ ಪದವಿ ವಿದ್ಯಾರ್ಥಿಯೊಬ್ಬ ಗಾಳಿಯಾಡಲು ರಂಧ್ರ ಕೊರೆದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಒಳಗೆ, ಮರದ ತೊಗಟೆಗೆ ಅಂಟಿಕೊಂಡಂತೆ, ಅಂಗೈಯಷ್ಟು ಅಗಲದ ಜೇಡ. ಕಾಲುಗಳೆಲ್ಲ ಲೋಹದ ಹೊಳಪಿನ ಕಡುನೀಲಿ, ನಡುನಡುವೆ ಹಳದಿ ಮಚ್ಚೆ. ಪರಿಚಿತರೊಬ್ಬರಿಂದ ಕೊಂಡದ್ದಂತೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ಇದ್ದದ್ದು ಎರಡೇ ಪದ: ‘ಗುತ್ತಿ, ಹೆಣ್ಣು’.

“ಸರ್, ಗುತ್ತಿಗೆ ಹೋದರೆ ಇದರ ಗಂಡು ಸಿಗುತ್ತದೆಯೇ? ಮರಿ ಮಾಡಿಸಬೇಕೆಂದಿದ್ದೇನೆ” ಎಂದು ಕೇಳಿದ.

ನಾನು ಭೌತಶಾಸ್ತ್ರದವನು, ಜೇಡಗಳ ತಜ್ಞನಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಗುತ್ತಿಯಲ್ಲಿ ಈ ಜೇಡ ಸಿಗುವುದಿಲ್ಲ! ಹಾಗಾದರೆ ಅದಕ್ಕೆ ಆ ಊರಿನ ಹೆಸರೇಕೆ ಬಂತು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಜೀವವಿಜ್ಞಾನದ ಚರಿತ್ರೆಯ ಒಂದು ಸ್ವಾರಸ್ಯಕರ ಪುಟ ತೆರೆದುಕೊಳ್ಳುತ್ತದೆ.

ಹೆಸರಿನಲ್ಲೇ ಗೊಂದಲ

ಮೈತುಂಬ ರೋಮವಿರುವ ದೊಡ್ಡ ಜೇಡಗಳನ್ನು ನಾವು ‘ಟರಾಂಟುಲಾ’ ಎನ್ನುತ್ತೇವೆ. ಈ ಪದ ಬಂದದ್ದು ಇಟಲಿಯ ಟರಾಂಟೊ ಎಂಬ ಊರಿನಿಂದ. ವಿಚಿತ್ರವೆಂದರೆ, ಆ ಊರಿನವರು ಟರಾಂಟುಲಾ ಎಂದು ಕರೆದದ್ದು ಬೇರೊಂದು ಕುಟುಂಬಕ್ಕೆ ಸೇರಿದ ತೋಳಜೇಡವನ್ನು. ಯೂರೋಪಿನವರು ಅಮೆರಿಕ ಖಂಡಕ್ಕೆ ಹೋದಾಗ ಅಲ್ಲಿ ಕಂಡ ಇನ್ನೂ ದೊಡ್ಡ ಜೇಡಗಳಿಗೆ ಅದೇ ಹೆಸರನ್ನು ಅಂಟಿಸಿದರು. ಇಂದು ಥೆರಾಫೋಸಿಡೇ ಎಂಬ ಕುಟುಂಬದ ಸಾವಿರಕ್ಕೂ ಹೆಚ್ಚು ಪ್ರಭೇದಗಳಿಗೆ ಆ ಹೆಸರು ಸಲ್ಲುತ್ತದೆ.

ಈ ಕುಟುಂಬದಲ್ಲಿ ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ ಸಹಜವಾಗಿ ಬಾಳುವ ಒಂದು ಕುಲವಿದೆ. ಅದೇ ಪೊಯೆಸಿಲೋಥೀರಿಯಾ. ಫ್ರಾನ್ಸಿನ ಯೂಜೀನ್ ಸಿಮೊನ್ 1885ರಲ್ಲಿ ಈ ಹೆಸರಿಟ್ಟರು. ‘ಚಿತ್ತಾರದ ಮೃಗ’ ಎಂಬುದು ಗ್ರೀಕ್ ಮೂಲದ ಅದರ ಅರ್ಥ. ಇವು ನೆಲದಲ್ಲಿ ಬಿಲ ತೋಡುವುದಿಲ್ಲ. ಹಳೆಯ ಮರಗಳ ಪೊಟರೆ ಮತ್ತು ತೊಗಟೆಯ ಸಂದುಗಳಲ್ಲಿ ವಾಸಿಸುತ್ತವೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ. ಮುಂದಿನ ಕಥೆಗೆ ಅದೇ ಕೀಲಿಕೈ.

ರೈಲುಹಳಿಯ ಮೇಲಿನ ವಿಳಾಸಗಳು

ರೆಜಿನಾಲ್ಡ್ ಇನ್ಸ್ ಪೊಕಾಕ್ (1863–1947) ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ನಿಸರ್ಗ ಚರಿತ್ರೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಪ್ರಾಣಿವಿಜ್ಞಾನಿ. ಭಾರತದಿಂದ ಸೀಸೆಗಳಲ್ಲಿ ಬಂದ ಜೇಡ, ಚೇಳುಗಳನ್ನು ಪರೀಕ್ಷಿಸಿ, ಹೊಸ ಪ್ರಭೇದವಾಗಿದ್ದರೆ ವಿವರಿಸಿ ಹೆಸರಿಡುವುದು ಅವರ ಕೆಲಸ. 1895ರಲ್ಲಿ ಅವರು ಪೊಯೆಸಿಲೋಥೀರಿಯಾ ಸ್ಟ್ರೈಯೇಟಾವನ್ನು ವಿವರಿಸಿದರು. ಅದು ಸಿಕ್ಕ ಸ್ಥಳ ನಮ್ಮ ಮೈಸೂರು. ಇಂದಿಗೂ ಜೇಡ ಸಾಕುವವರು ಜಗತ್ತಿನಾದ್ಯಂತ ಅದನ್ನು ಮೈಸೂರಿನ ಹೆಸರಿನಿಂದಲೇ ಗುರುತಿಸುತ್ತಾರೆ. 1899ರಲ್ಲಿ ಇನ್ನಷ್ಟು ಪ್ರಭೇದಗಳು ಸೇರಿದವು. ಪೊ. ರೆಗಾಲಿಸ್ ಸಿಕ್ಕಿದ್ದು ಅರಕ್ಕೋಣಂನಲ್ಲಿ, ಪೊ. ಫಾರ್ಮೋಸಾ ಸಿಕ್ಕಿದ್ದು ಸೇಲಂ ಜಿಲ್ಲೆಯ ಕಡಿಯಂಪಟ್ಟಿಯಲ್ಲಿ, ಪೊ. ಮೆಟಾಲಿಕಾ, ಅಂದರೆ ನಮ್ಮ ನೀಲಿ ಜೇಡ, ಸಿಕ್ಕಿದ್ದು ಗುತ್ತಿಯಲ್ಲಿ.

ಭೂಪಟ ತೆಗೆದು ಈ ಊರುಗಳನ್ನು ಗುರುತಿಸಿ ನೋಡಿ. ಅರಕ್ಕೋಣಂ ಮತ್ತು ಗುತ್ತಿ ಎರಡೂ ಪ್ರಮುಖ ರೈಲು ಜಂಕ್ಷನ್‌ಗಳು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡುಪ್ರದೇಶಕ್ಕೆ ಹಳಿ ಬಂತು. ನನ್ನ ಮನೆಗೆ ಸದ್ದು ಕೇಳಿಸುವ ಅದೇ ಮಾರ್ಗದಲ್ಲಿ ಇಂದೂ ರೈಲುಗಳು ಅರಕ್ಕೋಣಂ ಮೂಲಕ ಚೆನ್ನೈಗೆ ಹೋಗುತ್ತವೆ. ಹಳಿ ಬಂದಲ್ಲಿಗೆ ಅಧಿಕಾರಿಗಳು ಬಂದರು, ಅವರಲ್ಲಿ ಹವ್ಯಾಸಿ ಸಂಗ್ರಾಹಕರೂ ಇದ್ದರು. ಹಳಿಯ ಮೇಲೆ ಸಾಗಿದ ಸರಕಿನಲ್ಲಿ ಕಾಡಿನ ಮರವೂ ಇತ್ತು. ಮರದ ಪೊಟರೆಯಲ್ಲಿ ಅಡಗಿದ್ದ ಜೇಡವೂ ಅದರೊಂದಿಗೆ ಪ್ರಯಾಣ ಮಾಡಿದರೆ ಆಶ್ಚರ್ಯವೇನು?

ಗುತ್ತಿಯಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ. ನೀಲಿ ಜೇಡ ದೊರೆತದ್ದು ರೈಲ್ವೆಯ ಮರದ ದಾಸ್ತಾನಿನಲ್ಲಿ. ಸೀಸೆಯ ಚೀಟಿಗೆ ‘ಗುತ್ತಿ’ ಎಂಬ ಹೆಸರು ಬಂತು, ಮುದ್ರಣದಲ್ಲೂ ಅದೇ ಉಳಿಯಿತು. ಚೀಟಿಯಲ್ಲಿ ಸುಳ್ಳೇನೂ ಇರಲಿಲ್ಲ. ಜೇಡ ಸಿಕ್ಕಿದ್ದು ಅಲ್ಲಿಯೇ. ಆದರೆ ಸಿಕ್ಕ ಸ್ಥಳ ಬೇರೆ, ಬಾಳಿದ ಸ್ಥಳ ಬೇರೆ.

102 ವರ್ಷಗಳ ಮೌನ

ಆ ಬಳಿಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಜೇಡವನ್ನು ಕಂಡ ವರದಿಯೇ ಇರಲಿಲ್ಲ. 2001ರಲ್ಲಿ, ಅಂದರೆ 102 ವರ್ಷಗಳ ಅನಂತರ, ಅದು ಮತ್ತೆ ಪತ್ತೆಯಾಯಿತು. ಎಲ್ಲಿ? ಗುತ್ತಿಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಆಂಧ್ರಪ್ರದೇಶದ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಣ ಪೂರ್ವಘಟ್ಟದ ಎಲೆಯುದುರುವ ಕಾಡಿನಲ್ಲಿ. 2008ರ ಮೌಲ್ಯಮಾಪನದಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ‘ಅತ್ಯಂತ ಗಂಭೀರ ಅಪಾಯದಲ್ಲಿರುವ’ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಕಾರಣ, ಅದರ ನೆಲೆ 100 ಚದರ ಕಿಲೋಮೀಟರಿಗೂ ಕಡಿಮೆ. ಅಲ್ಲೂ ಉರುವಲು ಮತ್ತು ಮರಮುಟ್ಟಿಗಾಗಿ ಕಾಡು ಸವೆಯುತ್ತಿತ್ತು. ಪೊಟರೆಯಿರುವ ಹಳೆಯ ಮರ ಹೋದರೆ ಜೇಡದ ಮನೆಯೂ ಹೋದಂತೆ.

ಇನ್ನೊಂದು ಕಡೆ ನೋಡಿ. ಮರುಶೋಧದ ಬಳಿಕ ಕೆಲವೇ ವರ್ಷಗಳಲ್ಲಿ ಇದು ಯೂರೋಪ್, ಅಮೆರಿಕಗಳ ಸಾಕಣೆದಾರರ ಕೈ ಸೇರಿತು. ಅವರ ಡಬ್ಬಿಗಳಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿತು. ಹೀಗೆ ತವರಿನಲ್ಲಿ ವಿರಳವಾದ ಜೀವಿ ಪರದೇಶದ ಕಪಾಟುಗಳಲ್ಲಿ ಸಾಮಾನ್ಯವಾಯಿತು!

ಈ ನೀಲಿ ಎಲ್ಲಿಂದ ಬಂತು?

ಜನ ಇದನ್ನು ಕೊಳ್ಳುವುದೇ ಬಣ್ಣಕ್ಕಾಗಿ. ಇದು ಬಟ್ಟೆಯ ನೀಲಿಯಂತೆ ವರ್ಣದ್ರವ್ಯದಿಂದ ಬಂದದ್ದಲ್ಲ. ರೋಮಗಳ ಒಳಗಿನ ನ್ಯಾನೊ ಅಳತೆಯ ರಚನೆಗಳಲ್ಲಿ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದರೊಡನೊಂದು ವ್ಯತಿಕರಣಗೊಂಡಾಗ ನೀಲಿ ಮಾತ್ರ ಬಲಗೊಳ್ಳುತ್ತದೆ. ಸಾಬೂನಿನ ಗುಳ್ಳೆಯ ಬಣ್ಣಕ್ಕೆ ಕಾರಣವಾದ ತತ್ತ್ವವೇ ಇದು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಟರಾಂಟುಲಾಗಳಲ್ಲಿ ನೀಲಿ ಬಣ್ಣ ಕನಿಷ್ಠ ಎಂಟು ಬಾರಿ ಪ್ರತ್ಯೇಕವಾಗಿ ವಿಕಾಸಗೊಂಡಿದೆ. ರಚನೆಗಳು ಬೇರೆಬೇರೆಯಾದರೂ ಪ್ರತಿಫಲಿಸುವ ತರಂಗಾಂತರ ಮಾತ್ರ ಸುಮಾರು 450 ನ್ಯಾನೊಮೀಟರ್! ಅದರ ಉಪಯೋಗವೇನೆಂಬುದು ಇನ್ನೂ ಚರ್ಚೆಯಲ್ಲಿದೆ. ಕಾಡಿನಲ್ಲಿ, ಅದರ ಸಹಜ ಬೆಳಕಿನಲ್ಲಿ ನೋಡದೆ ಇದಕ್ಕೆ ಪೂರ್ಣ ಉತ್ತರ ದೊರೆಯುವಂತಿಲ್ಲ.

ಡಬ್ಬಿಯೊಳಗಿನ ಸಂಸಾರ

ಸಾಕುವವರು ಕಲಿತದ್ದು ಕಡಿಮೆಯೇನಲ್ಲ. ಗಂಡು ಜೇಡ ಕೊನೆಯ ಬಾರಿ ಪೊರೆ ಕಳಚಿದ ಮೇಲೆ ಸಣ್ಣದೊಂದು ಬಲೆ ನೇಯ್ದು, ಅದರ ಮೇಲೆ ವೀರ್ಯದ ಹನಿ ಇಟ್ಟು, ಬಾಯಿಯ ಬಳಿಯ ಸ್ಪರ್ಶಪಾದಗಳ ತುದಿಗೆ ಅದನ್ನು ಹೀರಿಕೊಳ್ಳುತ್ತದೆ. ಹೆಣ್ಣು ಅದನ್ನು ಪಡೆದು ದೇಹದೊಳಗಿನ ಚೀಲದಲ್ಲಿ ಶೇಖರಿಸಿಟ್ಟುಕೊಳ್ಳುತ್ತದೆ. ಆದರೆ ಹೆಣ್ಣು ಪ್ರಾಯಕ್ಕೆ ಬಂದ ಮೇಲೂ ಪೊರೆ ಕಳಚುತ್ತದೆ. ಮೊಟ್ಟೆಯಿಡುವ ಮುನ್ನವೇ ಹಾಗಾದರೆ ಆ ಚೀಲದ ಒಳಪದರವೂ ಹೋಗಿ ಶೇಖರಿಸಿದ್ದೆಲ್ಲ ನಷ್ಟ! ಗಂಡು ಪ್ರಾಯಕ್ಕೆ ಬಂದ ಬಳಿಕ ಹೆಚ್ಚು ಕಾಲ ಬದುಕುವುದಿಲ್ಲ. ಹೆಣ್ಣಿನ ಆಯುಸ್ಸು ಅದಕ್ಕಿಂತ ಹಲವು ಪಟ್ಟು. ಈ ವಿವರಗಳನ್ನು ನಾವು ಬಲ್ಲೆವಾದರೆ ಅದರಲ್ಲಿ ಸಾಕಣೆದಾರರ ತಾಳ್ಮೆಯ ಪಾಲು ದೊಡ್ಡದು.

ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಅನೇಕ ಟರಾಂಟುಲಾಗಳಂತೆ ಚುಚ್ಚುವ ರೋಮಗಳನ್ನು ಎರಚಿ ರಕ್ಷಿಸಿಕೊಳ್ಳುವ ಉಪಾಯ ನಮ್ಮ ಮರಜೇಡಗಳಿಗೆ ಇಲ್ಲ. ಓಡುತ್ತವೆ, ಇಲ್ಲವೇ ಕಚ್ಚುತ್ತವೆ. ಕಚ್ಚಿದರೆ ಗಂಟೆಗಳ ಬಳಿಕ ತೀವ್ರವಾದ ಸ್ನಾಯುಸೆಳೆತ ಕಾಣಿಸಿಕೊಳ್ಳಬಹುದು. ಜೇಡಕ್ಕೂ ಅಪಾಯವಿದೆ. ಜೇಡ ಕಾಲು ಚಾಚುವುದು ಮುಖ್ಯವಾಗಿ ದೇಹದ್ರವದ ಒತ್ತಡದಿಂದ, ಜೆಸಿಬಿಯ ತೋಳು ಚಾಚಿದಂತೆ. ಎತ್ತರದಿಂದ ಬಿದ್ದು ಹೊಟ್ಟೆ ಒಡೆದರೆ ದ್ರವ ಸೋರಿ ಅದು ಸಾಯುತ್ತದೆ. ಆದ್ದರಿಂದ ಇದು ಕೈಯಲ್ಲಿ ಆಡಿಸುವ ಪ್ರಾಣಿಯಲ್ಲ.

ಇನ್ನು ಮುಖ್ಯ ಪ್ರಶ್ನೆ. ಡಬ್ಬಿಯಲ್ಲಿ ಸಾವಿರಾರು ಮರಿಗಳಾದರೆ ಪ್ರಭೇದ ಉಳಿದಂತೆಯೇ? ಹಾಗೆಂದು ಹೇಳುವವರಿದ್ದಾರೆ. ಕಾಡಿನಿಂದ ಹಿಡಿಯುವ ಒತ್ತಡ ಸಾಕಣೆಯ ಮರಿಗಳಿಂದ ತಗ್ಗಬಹುದು ಎಂಬುದು ಅವರ ವಾದ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಆ ಮರಿಗಳ ಪೂರ್ವಜರು ಯಾವ ಕಾಡಿನ ಯಾವ ಭಾಗದವು, ಎಷ್ಟು ತಾಯಂದಿರಿಂದ ವಂಶ ಬೆಳೆಯಿತು, ನಡುವೆ ಬೇರೆ ಪ್ರಭೇದ ಬೆರೆಯಿತೇ ಎಂಬ ದಾಖಲೆ ಇಲ್ಲದಿದ್ದರೆ ಅವುಗಳನ್ನು ಕಾಡಿಗೆ ಮರಳಿಸುವ ಯೋಚನೆಯನ್ನೂ ಮಾಡುವಂತಿಲ್ಲ. ಏಕಮಾನ ಬರೆಯದ ಅಂಕಿಗೆ ಭೌತಶಾಸ್ತ್ರದಲ್ಲಿ ನಾವು ಅಂಕ ಕೊಡುತ್ತೇವೆಯೇ? ಮೂಲಸ್ಥಳ ಬರೆಯದ ಜೀವಿಯೂ ವಿಜ್ಞಾನದ ಪಾಲಿಗೆ ಹಾಗೆಯೇ. 1899ರ ಚೀಟಿಯಲ್ಲಿ ತಪ್ಪು ದಾರಿ ತೋರಿಸುವ ಊರೊಂದಾದರೂ ಇತ್ತು, ದಾಸ್ತಾನಿಗೆ ಮರ ಬಂದದ್ದೆಲ್ಲಿಂದ ಎಂದು ಕೇಳಲು ಅದು ಎಡೆಮಾಡಿಕೊಡುತ್ತಿತ್ತು. ಇಂದಿನ ಅನೇಕ ಡಬ್ಬಿಗಳ ಮೇಲಿನ ‘ಗುತ್ತಿ’ ಬರಿಯ ವ್ಯಾಪಾರದ ಹೆಸರು.

ಕಾನೂನು ಬಂದ ಬಗೆ

ಮೆಕ್ಸಿಕೋದ ಕೆಂಪುಮಂಡಿಯ ಟರಾಂಟುಲಾ ಸಾಕಣೆಯ ಗೀಳಿಗೆ ಬಲಿಯಾಗುತ್ತಿದ್ದಾಗ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟೀಸ್’ ಒಪ್ಪಂದದ ಎರಡನೇ ಅನುಬಂಧಕ್ಕೆ 1985ರಲ್ಲಿ ಅದನ್ನು ಸೇರಿಸಲಾಯಿತು. ನಮ್ಮ ಪೊಯೆಸಿಲೋಥೀರಿಯಾ ಕುಲಕ್ಕೆ ಆ ರಕ್ಷಣೆ ದೊರೆತದ್ದು 2019ರ ಜಿನೀವಾ ಸಮ್ಮೇಳನದಲ್ಲಿ. ಮರುವರ್ಷ, 2020ರ ಜುಲೈನಲ್ಲಿ, ಪೋಲೆಂಡಿನಿಂದ ಚೆನ್ನೈಗೆ ಬಂದ ಅಂಚೆಯ ಪೊಟ್ಟಣವೊಂದರಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 107 ಜೀವಂತ ಜೇಡಗಳು ಸಿಕ್ಕವು. ಪುಟ್ಟ ಶೀಷೆಗಳಲ್ಲಿ ತುಂಬಿದ್ದ ಅವು ವಿದೇಶಿ ಟರಾಂಟುಲಾಗಳು. ಅವುಗಳನ್ನು ಬಂದ ದೇಶಕ್ಕೇ ಹಿಂದಿರುಗಿಸಲು ಕ್ರಮ ಕೈಗೊಳ್ಳಲಾಯಿತು.

ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರದು. ಅದಕ್ಕೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟೀಸ್ ಪಟ್ಟಿಯ ಜೀವಿಗಳಿಗಾಗಿಯೇ ಅದರಲ್ಲಿ ನಾಲ್ಕನೇ ಅನುಸೂಚಿ ಇದೆ. ಇಂಥ ಜೀವಂತ ಪ್ರಾಣಿ ಇರುವವರು ಅದನ್ನು ನೋಂದಾಯಿಸಬೇಕು. ಮರಿ ಮಾಡಿಸುವುದಕ್ಕೂ ಕಾಯಿದೆಯ ನಿಯಂತ್ರಣವಿದೆ. 2024ರ ಫೆಬ್ರವರಿಯಲ್ಲಿ ಹೊರಬಂದ ನಿಯಮಗಳಂತೆ ನೋಂದಣಿ ‘ಪರಿವೇಶ್’ ಜಾಲತಾಣದ ಮೂಲಕ ನಡೆಯುತ್ತದೆ. ಒಂದು ದೃಷ್ಟಿಯಿಂದ ನೋಡಿದರೆ, ಕಾನೂನು ಕೇಳುತ್ತಿರುವುದೂ ಸರಿಯಾದ ಚೀಟಿಯನ್ನೇ.

ನನ್ನ ಸೀಸೆ, ನಿಮ್ಮ ಸೀಸೆ

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಸುಮಾರು 25 ವರ್ಷಗಳ ಹಿಂದೆ, ನಾನು ಪಾಠ ಮಾಡುತ್ತಿದ್ದ ಕಾಲೇಜಿನ ವಿದ್ಯಾರ್ಥಿಗಳು ಮಲೆನಾಡಿನ ಪ್ರವಾಸದಿಂದ ಬರುವಾಗ ದೊಡ್ಡದೊಂದು ಮರಜೇಡವನ್ನು ಡಬ್ಬಿಯಲ್ಲಿ ತಂದರು. ಅಂದು ಪ್ರಾಣಿಶಾಸ್ತ್ರದ ಅಧ್ಯಾಪಕರು ರಜೆಯಲ್ಲಿದ್ದರು. ನಾನೇ ಅದನ್ನು ಸ್ಪಿರಿಟ್ ತುಂಬಿದ ಸೀಸೆಗೆ ಹಾಕಿಸಿ, ‘ದೊಡ್ಡ ಜೇಡ, ವಿದ್ಯಾರ್ಥಿ ಪ್ರವಾಸ’ ಎಂದು ಚೀಟಿ ಅಂಟಿಸಿದೆ. ಕೆಲವು ವರ್ಷಗಳ ಬಳಿಕ ಸಂಶೋಧಕರೊಬ್ಬರು ಸೀಸೆ ನೋಡಿ, “ಇದು ಸಿಕ್ಕಿದ್ದು ಎಲ್ಲಿ? ಯಾವ ಮರದಲ್ಲಿ?” ಎಂದು ಆಸೆಯಿಂದ ಕೇಳಿದರು. ನನಗೆ ನೆನಪಿರಲಿಲ್ಲ. ಹುಡುಗರೆಲ್ಲ ಊರೂರು ಸೇರಿದ್ದರು. ಅವರು ಸೀಸೆಯನ್ನು ಕಪಾಟಿಗೆ ಮರಳಿ ಇಟ್ಟರು. ಆ ಜೇಡದ ಸಾವು ನನ್ನಿಂದ ವ್ಯರ್ಥವಾಯಿತೆಂಬ ಕೊರಗು ಇಂದಿಗೂ ಇದೆ.

ರಿಚರ್ಡ್ಸ್ ಟೌನಿನ ಆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಡಬ್ಬಿಯನ್ನು ರಿಚರ್ಡ್ಸ್ ಪಾರ್ಕಿನ ಮರದ ಬುಡದಲ್ಲಿ ಬಿಟ್ಟುಬಿಡಲೇ ಎಂದು ಆತ ಕೇಳಿದ. ಖಂಡಿತ ಬೇಡ ಎಂದೆ. ಅದು ಈ ಊರಿನ ಜೀವಿಯಲ್ಲ. ಬಿಟ್ಟರೆ ಸಾಯುತ್ತದೆ, ಇಲ್ಲವೇ ಇನ್ನೊಂದು ತಪ್ಪು ವಿಳಾಸಕ್ಕೆ ಕಾರಣವಾಗುತ್ತದೆ. ಇಬ್ಬರೂ ಕುಳಿತು, ಕೊಂಡ ದಿನ, ಕೊಟ್ಟವರು ಹೇಳಿದ ಮೂಲ, ಪೊರೆ ಕಳಚಿದ ತಾರೀಖುಗಳು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದೆವು. ಅದನ್ನು ಹಿಡಿದು ಅವನು ಅರಣ್ಯ ಇಲಾಖೆಗೆ ಹೋಗಿ ವಿಚಾರಿಸಿದ. ಗಂಡು ತರುವ, ಮರಿ ಮಾಡಿಸುವ ಯೋಚನೆಯನ್ನು ಬಿಟ್ಟಿದ್ದಾನೆ. ಮೂಲದ ಅಂಕಣದಲ್ಲಿ ಅವನ ಕೈಬರಹದಲ್ಲಿರುವ ಮಾತು: ‘ಗುತ್ತಿ ಎಂದು ಹೇಳಿದರು, ಖಚಿತವಿಲ್ಲ.’

ಅಧ್ಯಾಪಕ ಮಿತ್ರರೇ, ನಿಮ್ಮ ಪ್ರಯೋಗಾಲಯದ ಕಪಾಟನ್ನು ಒಮ್ಮೆ ತೆರೆದು ನೋಡಿ. ಚೀಟಿಯಿಲ್ಲದ ಸೀಸೆಗಳೆಷ್ಟಿವೆ? ತಂದವರು ಇನ್ನೂ ಸಂಪರ್ಕದಲ್ಲಿದ್ದರೆ ಇಂದೇ ಕೇಳಿ ಬರೆದಿಡಿ. ಮುಂದಿನ ಪ್ರವಾಸದಲ್ಲಿ ಮಕ್ಕಳಿಗೆ ಮರಜೇಡ ಕಂಡರೆ ಹಿಡಿಯುವುದು ಬೇಡ. ದೂರದಿಂದ ಚಿತ್ರ ತೆಗೆದು, ಊರು, ದಿನಾಂಕ, ವೇಳೆ, ಮರದ ಜಾತಿ, ನೆಲದಿಂದ ಪೊಟರೆಯ ಎತ್ತರ ಇಷ್ಟನ್ನು ಬರೆದುಕೊಂಡು ಬರಲಿ. ಗುತ್ತಿಯ ದಾಸ್ತಾನಿನಲ್ಲಿ ಮರ ಎಲ್ಲಿಂದ ಬಂತೆಂದು ಅಂದೇ ಯಾರಾದರೂ ಒಂದು ಸಾಲು ಬರೆದಿದ್ದರೆ, ಆ ಕಾಡು ಇನ್ನೂ ದಟ್ಟವಾಗಿದ್ದ ಕಾಲದಲ್ಲೇ ನಾವು ಅಲ್ಲಿಗೆ ತಲಪಬಹುದಿತ್ತು.