ಮಗ್ಗದ ಕುಣಿ

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ನಮ್ಮ ಕೇರಿಯ ಹುಡುಗರು ಶಾಲೆಯಲ್ಲಿ ಆ ಮಾತನ್ನು ಬಾಯಿಪಾಠ ಮಾಡಿದೆವು. ಮ್ಯಾಂಚೆಸ್ಟರ್ ಎಲ್ಲಿದೆ ಅನ್ನೋದನ್ನ ಮೇಷ್ಟ್ರು ನಕಾಶೆಯಲ್ಲಿ ತೋರಿಸಿದರು. ಆದರೆ ಹಳ್ಳಿಯಲ್ಲಿ ನಮ್ಮ ಅವ್ವನ ತವರುಮನೆಯ ನಡುಮನೆಯಲ್ಲಿ, ಗೋಡೆಯ ಪಕ್ಕ, ಮಣ್ಣು ಮುಚ್ಚಿದ ಒಂದು ಕುಣಿ ಇತ್ತಲ್ಲ, ಅದು ಏನು ಅಂತ ಯಾರೂ ತೋರಿಸಲಿಲ್ಲ. ಮಳೆಗಾಲ ಬಂದರೆ ಆ ಜಾಗ ಕುಸಿಯುತ್ತಿತ್ತು. ಅಜ್ಜಿ ಒಂದು ಬುಟ್ಟಿ ಮಣ್ಣು ಹಾಕಿ, ತುಳಿದು, ಸಗಣಿ ಸಾರಿಸುತ್ತಿದ್ದಳು. ಹಗೇವು ಇರಬೇಕು ಅಂದುಕೊಂಡಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದ ಮನೆಯಲ್ಲಿ ಹಗೇವು ಯಾಕಿರುತ್ತೆ ಅನ್ನೋ ಬುದ್ಧಿ ಆಗ ಇರಲಿಲ್ಲ.

ಅದು ಏನೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಬೇರೆ ಊರಲ್ಲಿ, ಬೇರೆ ಜಾತಿಯವರ ಮನೆಯಲ್ಲಿ. ಅದಕ್ಕೆ ಬರುತ್ತೇನೆ. ಮೊದಲು ಈ ಊರು ಬಟ್ಟೆಯ ಊರಾದ ಚರಿತ್ರೆಯನ್ನು ನೋಡೋಣ. ಚರಿತ್ರೆ ಅಂದರೆ ಬರೆದಿಟ್ಟವರ ಚರಿತ್ರೆ.

1799ರಲ್ಲಿ ಟಿಪ್ಪು ಬಿದ್ದ. ಮರುವರ್ಷವೇ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಡಾಕ್ಟರನ್ನು ಈ ಸೀಮೆಗೆ ಅಟ್ಟಿತು. ಗೆದ್ದ ನಾಡಿನಲ್ಲಿ ಏನು ಬೆಳೆಯುತ್ತೆ, ಏನು ನೇಯುತ್ತಾರೆ, ಎಷ್ಟಕ್ಕೆ ಮಾರುತ್ತಾರೆ, ಇದು ಅವನು ತರಬೇಕಾದ ಲೆಕ್ಕ. 1801ರಲ್ಲಿ ಅವನು ಹರಿಹರ, ದಾವಣಗೆರೆ ಹಾದು ಹೋದ. 1807ರಲ್ಲಿ ಅವನ ಪ್ರವಾಸ ಕಥನ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಬೇತೂರಿನ ಪಕ್ಕದ ಕುಗ್ರಾಮವಾಗಿದ್ದ ದಾವಣಗೆರೆಯನ್ನು ಹೈದರಾಲಿ ಆಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟದ್ದು, ಅವನು ವರ್ತಕರನ್ನು ಕರೆದು ನೆಲೆ ಮಾಡಿಸಿದ್ದು, ಅಲ್ಲಿಂದ ಪೇಟೆ ಬೆಳೆದದ್ದು, ಇದೆಲ್ಲ ಹಳೆಯ ದಾಖಲೆಗಳಲ್ಲಿ ಇದೆ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಪೂರ್ವದ ವಾಲಾಜಾಪೇಟೆಗೆ ಎತ್ತಿನ ಮೇಲೆ ಹೋಗುತ್ತಿತ್ತು. ಈ ಸೀಮೆಯದೇ ಆದ ಸರಕು ಅಂದರೆ ಕಂಬಳಿ. ಸೊಗಸಾದ ದಾವಣಗೆರೆ ಕಂಬಳಿ ಒಂದಕ್ಕೆ 200ರಿಂದ 300 ರೂಪಾಯಿ ಬೆಲೆ ಬರುತ್ತಿತ್ತು ಎಂದು ಬ್ರಿಟಿಷರ ಕಾಲದ ಗೆಜೆಟಿಯರುಗಳು ಹೇಳುತ್ತವೆ. ಆ ಕಾಲದ ಇನ್ನೂರು ರೂಪಾಯಿ! ಅದು ರಾಜರ ಹೆಗಲಿಗೆ ಹೋದ ಕಂಬಳಿ. ಅದನ್ನು ನೂತ ಕುರುಬರ ಹೆಂಗಸಿನ ಕೈಗೆ ಬಿದ್ದದ್ದೆಷ್ಟು? ಬೆಲೆ ಬರೆದ ಪುಟದಲ್ಲಿ ಕೂಲಿ ಇಲ್ಲ.

ಹತ್ತಿ ಬಟ್ಟೆಯ ಕಥೆ ಇನ್ನೊಂದು. ನೇಕಾರರು ಅಂದಕೂಡಲೇ ನಮಗೆ ದೇವಾಂಗ, ಪದ್ಮಸಾಲಿ, ಪಟ್ಟೆಗಾರ ಇಂಥ ಹೆಸರು ನೆನಪಾಗುತ್ತವೆ. ಜೇಡರ ದಾಸಿಮಯ್ಯ ನೆನಪಾಗುತ್ತಾನೆ. ಸರಿಯೇ. ಆದರೆ 1891ರ ಮೈಸೂರು ಜನಗಣತಿ ವರದಿಯಲ್ಲಿ ಹೊಲೆಯರ ಬಗ್ಗೆ ಬರೆದದ್ದನ್ನು ಓದಿ. ರೈತರ ಹೊಲದಲ್ಲಿ ಗೇಯುತ್ತಾರೆ, ದನ ಕಾಯುತ್ತಾರೆ, ಜೊತೆಗೆ ಬಡವರು ಉಡುವ ಒರಟು ಹತ್ತಿಬಟ್ಟೆಯನ್ನು ನೇಯುತ್ತಾರೆ ಎಂದು ಅಲ್ಲಿದೆ. ಅದಕ್ಕೂ ತೊಂಬತ್ತು ವರ್ಷ ಮೊದಲು ಬುಕಾನನ್ ಬೆಂಗಳೂರು ಸೀಮೆಯಲ್ಲಿ ಹೊಲೆಯರ ಮಗ್ಗಗಳನ್ನು ಕಂಡಿದ್ದ. ಅಂದರೆ ಈ ನಾಡಿನ ಉಳುವವರ, ಕೂಲಿಯವರ ಮಾನ ಮುಚ್ಚಿದ್ದು ನಮ್ಮ ಕೇರಿಯ ಮಗ್ಗವೂ ಹೌದು. ಇದನ್ನು ನಮಗೆ ಯಾವ ಮೇಷ್ಟ್ರು ಹೇಳಿದರು? ಸತ್ತ ದನ ಎಳೆಯುವವರು, ತಮಟೆ ಬಡಿಯುವವರು, ಸುದ್ದಿ ಒಯ್ಯುವವರು, ಇಷ್ಟೇ ನಮ್ಮ ಚರಿತ್ರೆ ಅಂತ ಊರು ಹೇಳಿತು. ನಾವೂ ನಂಬಿದೆವು.

ಆ ಮಗ್ಗಗಳು ಎಲ್ಲಿ ಹೋದವು? ಇಂಗ್ಲೆಂಡಿನ ಗಿರಣಿ ಬಟ್ಟೆ ಬಂತು, ಆಮೇಲೆ ಬೊಂಬಾಯಿಯದು. 1880ರ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಹರಿಹರಕ್ಕೆ ರೈಲು ಓಡಿತು. ತುಂಗಭದ್ರೆ ದಾಟಿಸಿ ಆ ದಾರಿಯನ್ನು ಪುಣೆಗೆ ಸೇರಿಸಿದರು. ರೈಲಿನಲ್ಲಿ ಅಗ್ಗದ ಬಟ್ಟೆ ಇಳಿಯಿತು, ಹತ್ತಿ ಹತ್ತಿತು. ಸೊಗಸಿನ ರೇಷ್ಮೆ, ಜರತಾರಿ ನೇಯುವವರಿಗೆ ಮದುವೆ ಮನೆಯ ಗಿರಾಕಿಗಳಾದರೂ ಉಳಿದರು. ಬಡವನಿಗೆ ಒರಟು ಬಟ್ಟೆ ನೇಯುತ್ತಿದ್ದವನು ಮೊದಲು ಮುಳುಗಿದ. ಅವನಿಗೆ ಅಂಗಡಿಯೂ ಇಲ್ಲ, ಸಂಘವೂ ಇಲ್ಲ, ಸಾಲ ಕೊಡುವ ಸಾವುಕಾರನೂ ಇಲ್ಲ.

1930ರ ದಶಕದ ಕೊನೆಯ ವೇಳೆಗೆ ದಾವಣಗೆರೆಯಲ್ಲೇ ಹತ್ತಿ ಗಿರಣಿಯ ಚಿಮಣಿ ಎದ್ದಿತು. ಮುಂದಿನ ಮೂರು ದಶಕದಲ್ಲಿ ಒಂದಾದ ಮೇಲೊಂದು. ದಾವಣಗೆರೆ ಕಾಟನ್ ಮಿಲ್, ಶಂಕರ್ ಮಿಲ್, ಗಣೇಶ ಮಿಲ್, ತೋಳಹುಣಸೆಯ ಯಲ್ಲಮ್ಮ ಮಿಲ್. ಹಳ್ಳಿ ಬಿಟ್ಟು ಬಂದ ನಮ್ಮ ಜನ ಮಿಲ್ಲಿಗೆ ಸೇರಿದರು. ಮೂರು ಪಾಳಿ, ತಿಂಗಳ ಸಂಬಳ, ಕೆಂಬಾವುಟದ ಯೂನಿಯನ್ನು. ಈ ಊರು ಪಂಪಾಪತಿಯಂಥ ಕಮ್ಯುನಿಸ್ಟ್ ಮುಖಂಡನನ್ನು 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿತು ಅಂದರೆ ಅದು ಆ ಪಾಳಿಗಳ ಬಲ. ಕೇರಿಯವನನ್ನು ಜೀತದಿಂದ ಬಿಡಿಸಿ ಸೈಕಲ್ ಹತ್ತಿಸಿದ್ದು ಮಿಲ್ಲು. ಅದನ್ನು ಇಲ್ಲ ಅನ್ನಲಾರೆ.

ನಮ್ಮಪ್ಪ ಒಂದು ಮಿಲ್ಲಿನ ಬ್ಲೋ ರೂಮಿನಲ್ಲಿದ್ದ. ಹತ್ತಿ ಬೇಲು ಒಡೆದು ಹಿಂಜುವ ಖಾತೆ. ಮನೆಗೆ ಬಂದರೆ ಹುಬ್ಬಿನ ಮೇಲೂ ಹತ್ತಿ. ವಾರದ ರಜೆ ಮುಗಿಸಿ ಮೊದಲ ಪಾಳಿಗೆ ಹೋದ ದಿನ ಅವನಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ಹತ್ತಿ ಧೂಳಿನ ಕಾಯಿಲೆಯ ಗುರುತೇ ಅದು ಎಂದು ಆಮೇಲೆ ಒಬ್ಬ ಡಾಕ್ಟರು ಹೇಳಿದರು. ಮೂವತ್ತು ವರ್ಷ ಹತ್ತಿಯಲ್ಲಿ ಬದುಕಿದವನು ಒಂದು ದಿನವೂ ನೂಲನ್ನು ಬಟ್ಟೆ ಮಾಡುವ ಯಂತ್ರದ ಮುಂದೆ ನಿಲ್ಲಲಿಲ್ಲ.

ಇಲ್ಲಿ ಬೊಂಬಾಯಿಯ ಒಂದು ಮಾತು ಹೇಳಬೇಕು. ಅಲ್ಲಿನ ಗಿರಣಿಗಳಲ್ಲಿ ಅಸ್ಪೃಶ್ಯರಿಗೆ ನೂಲುವ ಖಾತೆಯಲ್ಲಿ ಕೆಲಸವಿತ್ತು, ನೇಯುವ ಖಾತೆಯಲ್ಲಿ ಇರಲಿಲ್ಲ. ಕಾರಣ ಏನು? ಲಾಳಿಯಲ್ಲಿ ಹೊಸ ಕಂಡಿಕೆ ಹಾಕಿದಾಗ ಎಳೆಯನ್ನು ಲಾಳಿಯ ಕಣ್ಣಿಂದ ಬಾಯಲ್ಲಿ ಹೀರಿ ಹೊರಗೆ ತೆಗೆಯಬೇಕಿತ್ತು. ಒಬ್ಬ ಹೀರಿದ ಲಾಳಿಯನ್ನು ಇನ್ನೊಬ್ಬ ಹೀರಬೇಕಲ್ಲ! ಹೆಚ್ಚು ಸಂಬಳ ನೇಯ್ಗೆ ಖಾತೆಯಲ್ಲೇ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ಮುಖಂಡರ ಮುಂದೆ ಎತ್ತಿದರು. ಮಾಲೀಕನ ಅನ್ಯಾಯದ ವಿರುದ್ಧ ಕೂಗುವವರು ಈ ಅನ್ಯಾಯಕ್ಕೆ ಯಾಕೆ ಸುಮ್ಮನಿದ್ದೀರಿ ಎಂಬುದು ಅವರ ಪ್ರಶ್ನೆ. ಜಗತ್ತಿನ ಕಾರ್ಮಿಕರು ಒಂದಾಗುವುದಕ್ಕೆ ಅಡ್ಡ ಬಂದದ್ದು ಒಂದು ತೊಟ್ಟು ಎಂಜಲು.

1974ರ ಕಾಯಿದೆಯಲ್ಲಿ ಕಾಯಿಲೆ ಬಿದ್ದ ಕೆಲವು ಮಿಲ್ಲುಗಳು ಸರ್ಕಾರದ್ದಾದವು. ಆಮೇಲೆ ಅವೂ ಇವೂ ಒಂದೊಂದಾಗಿ ಬಾಗಿಲು ಹಾಕಿದವು. ಕೂಗು ನಿಂತಿತು. ಮಿಲ್ಲಿನ ಜನ ಮಂಡಕ್ಕಿ ಭಟ್ಟಿಗೆ, ಹಮಾಲಿಗೆ, ಗಾರೆ ಕೆಲಸಕ್ಕೆ ಹೋದರು. ಇವತ್ತು ದಾವಣಗೆರೆ ಅಂದರೆ ಬೆಣ್ಣೆ ದೋಸೆ.

ಅಪ್ಪ ಸತ್ತ ಮೇಲೆ ನನಗೆ ಒಂದು ಹಟ ಹತ್ತಿತು. ನೇಯುವುದು ಅಂದರೆ ಏನು, ಕೈಯಾರೆ ತಿಳಿಯಬೇಕು. ಲೋಕದ ಬೇರೆ ಕಡೆ ಇದನ್ನು ಕಲಿಯಲು ಪ್ರವಾಸಿಗರು ದುಡ್ಡು ಕೊಟ್ಟು ಹೋಗುತ್ತಾರೆ. ಉತ್ತರ ವಿಯೆಟ್ನಾಮಿನ ಸಾಪಾ ಗುಡ್ಡಗಳಲ್ಲಿ ಮೋಂಗ್ ಎಂಬ ಜನರ ಹೆಂಗಸರು ಭಂಗಿ ಗಿಡದ ನಾರು ಸುಲಿದು, ದಾರಿ ನಡೆಯುತ್ತಲೇ ಎಳೆಗೆ ಎಳೆ ಹೊಸೆದು, ನೇಯ್ದು, ಜೇನುಮೇಣದಲ್ಲಿ ಚಿತ್ತಾರ ಬರೆದು ನೀಲಿಯಲ್ಲಿ ಅದ್ದುತ್ತಾರೆ. ಅವರ ಪಕ್ಕ ಕೂತು ಒಂದೆರಡು ದಿನ ಕಲಿತು ಹೋಗುವ ವಿದೇಶಿಯರು ಬಹಳ. ಅದೇ ಜನರಲ್ಲಿ ಲಾವೋಸಿನವರು 1975ರ ನಂತರ ಊರು ಬಿಟ್ಟು ಥಾಯ್ಲೆಂಡಿನ ನಿರಾಶ್ರಿತರ ಶಿಬಿರಗಳಲ್ಲಿ ಬಿದ್ದಾಗ, ತಾವು ಓಡಿಬಂದ ಕಥೆಯನ್ನೇ ಬಟ್ಟೆಯ ಮೇಲೆ ಕಸೂತಿ ಹಾಕಿದರು. ವಿಮಾನ, ಬಂದೂಕು, ಮೆಕಾಂಗ್ ಹೊಳೆ ಈಜುವ ಜನ, ಎಲ್ಲ ದಾರದಲ್ಲಿ. ನಮ್ಮ ಕುರುಬರೂ ಕುರಿಯ ಹಿಂದೆ ನಡೆಯುತ್ತಲೇ ಕದಿರು ತಿರುಗಿಸಿದವರು. ಅವರ ಹತ್ತಿರ ಕಲಿಯಲು ಯಾವ ಬಸ್ಸಿನಲ್ಲಿ ಯಾರು ಇಳಿದರು?

ನಾನು ಇಳಿದೆ. ಜಗಳೂರು ದಾರಿಯ ಒಂದು ಹಳ್ಳಿ. ಮುದುಕ, ಮುದುಕಿ, ಸೊಸೆ. ಊರಿಗೆ ಉಳಿದಿದ್ದ ಎರಡು ಮಗ್ಗದಲ್ಲಿ ಅವರದೊಂದು.

"ಯಾವೂರಪ್ಪ? ಯಾರ ಪೈಕಿ?" ಅಂದ ಅಜ್ಜ.

ಹೇಳಿದೆ. ಸುಳ್ಳು ಹೇಳಿ ಕಲಿಯುವ ವಿದ್ಯೆ ಬೇಡ ಅಂತ ಬಸ್ಸಲ್ಲೇ ತೀರ್ಮಾನಿಸಿದ್ದೆ. ಅಜ್ಜ ಸುಮ್ಮನಾದ. ಹುಣಸೆಬೀಜದ ಗಂಜಿ ತಿರುವುತ್ತಿದ್ದ ಅಜ್ಜಿ ತಲೆ ಎತ್ತದೆ ಅಂದಳು: "ಕಲಿಯಾಕೆ ಬಂದಾನೆ, ಕೂರ್ಲಿ ಬಿಡು. ಕುಣಿಗೆ ಇಳಿಯೋದು ಆಮ್ಯಾಕೆ ನೋಡಾನ."

ಎಂಟು ದಿನ ಇದ್ದೆ. ಎಂಟು ದಿನವೂ ಊಟ ಹೊರಗಿನ ಪಡಸಾಲೆಯಲ್ಲೇ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತೆ.

ಮೊದಲ ನಾಲ್ಕು ದಿನ ನಾನು ಮಗ್ಗದ ಹತ್ತಿರ ಹೋಗಲಿಲ್ಲ. ಕುರಿಗೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಅದರಲ್ಲಿ ಮುಳ್ಳು, ಕಸ, ಹಿಕ್ಕೆ. ಆರಿಸಿ, ಹಿಂಜಿ, ಹಗುರ ಮಾಡಬೇಕು. ಕರಿಕುರಿಯದು ಕಪ್ಪು, ಬಿಳಿಕುರಿಯದು ಬಿಳಿ, ಬಣ್ಣ ಹಾಕುವ ಗೊಡವೆಯಿಲ್ಲ. ರಾಟೆಯ ಮುಂದೆ ಅಜ್ಜಿ ಕೂತರೆ ನೂಲು ನೀರು ಬಿಟ್ಟ ಹಾಗೆ ಬರುತ್ತಿತ್ತು. ನನ್ನದು ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ನೂತದ್ದೆಲ್ಲ ಹೆಂಗಸರು. ಕಂಬಳಿ ಮಾರುವವ, ಹೆಸರು ಹೇಳುವವ ಗಂಡಸು. ಆಮೇಲೆ ಬೀದಿಯಲ್ಲಿ ಗೂಟ ನೆಟ್ಟು ಹಾಸು ಎಳೆಯಬೇಕು. ಹುಣಸೆಬೀಜ ಹುರಿದು, ಸಿಪ್ಪೆ ಕಳೆದು, ಬೀಸಿ, ಕುದಿಸಿದ ಅಂಟುಗಂಜಿಯನ್ನು ಹಾಸಿನ ಎಳೆಗಳಿಗೆ ಸವರಿ, ಕುಂಚದಲ್ಲಿ ಬಾಚಿ, ಬಿಸಿಲಿಗೆ ಬಿಡಬೇಕು. ಇಲ್ಲದಿದ್ದರೆ ಉಣ್ಣೆಯ ಎಳೆ ಮಗ್ಗದ ಎಳೆತಕ್ಕೆ ತಾಳದು. ಬೀದಿ ಉದ್ದದ ಹಾಸು ಒಣಗುವಾಗ ಅಕ್ಕಪಕ್ಕದವರು ದನ ಅಡ್ಡ ಬರದ ಹಾಗೆ ನೋಡಿಕೊಳ್ಳುತ್ತಿದ್ದರು. ಕಂಬಳಿ ಒಂದು ಮನೆಯ ಕೆಲಸ ಅಲ್ಲ, ಬೀದಿಯದು.

ಐದನೆಯ ದಿನ ಅಜ್ಜ "ಇಳಿ" ಅಂದ. ಕುಣಿಗೆ ನಮಸ್ಕಾರ ಮಾಡಿ ಇಳಿಯಬೇಕು, ಮಾಡಿದೆ. ನೆಲದ ಮಟ್ಟಕ್ಕೆ ಕೂತು ಕಾಲು ಕೆಳಗೆ ಬಿಟ್ಟರೆ ತುಳಿಯುವ ಹಲಗೆ ಸಿಗುತ್ತದೆ. ತುಳಿದರೆ ಹಾಸು ಬಾಯಿ ಬಿಡುತ್ತದೆ. ಲಾಳಿ ತೂರಬೇಕು, ಹೊಕ್ಕನ್ನು ಬಡಿಯಬೇಕು. ನಾಲ್ಕು ಸಲ ತೂರುವಷ್ಟರಲ್ಲಿ ಎಳೆ ಹರಿಯಿತು.

"ಎಂಜಲು ಹಚ್ಚಿ ಹೊಸಿ," ಅಂದ ಅಜ್ಜ.

ನನ್ನ ಕೈ ನಿಂತಿತು. ಬೊಂಬಾಯಿಯ ಲಾಳಿ, ಅಪ್ಪನ ಬ್ಲೋ ರೂಮು, ಪಡಸಾಲೆಯ ಊಟ ಎಲ್ಲ ಒಟ್ಟಿಗೆ ಗಂಟಲಿಗೆ ಬಂತು.

"ಯಾಕೆ ನಿಂತೆ? ಉಣ್ಣಿ ಎಳೆ ಒಣಗೈಲಿ ಕೂಡಲ್ಲ. ಎಂಜಲು ಹಚ್ಚು."

ಹಚ್ಚಿದೆ. ಎರಡು ತುದಿ ಸೇರಿಸಿ ಹೊಸೆದೆ. ಕೂಡಿತು. ಅಜ್ಜನ ಮುಖದಲ್ಲಿ ಏನೂ ಬದಲಾಗಲಿಲ್ಲ, ಅವನ ಕಣ್ಣು ಎಳೆಯ ಮೇಲಿತ್ತು. ಮಡಿವಂತರು ಕಂಬಳಿಗೆ ಮೈಲಿಗೆ ಇಲ್ಲ ಅನ್ನುತ್ತಾರೆ. ದೇವರ ಗದ್ದುಗೆಗೆ ಹಾಸುತ್ತಾರೆ. ಅದರ ಒಂದೊಂದು ಗಂಟಿನಲ್ಲೂ ನೇಯ್ದವರ ಉಗುಳು ಇದೆ ಅಂತ ಅವರಿಗೆ ಯಾರು ಹೇಳಬೇಕು?

ಆ ಸಂಜೆ ಕುಣಿಯಿಂದ ಏಳುವಾಗ ಕುಣಿಯ ಅಂಚಿನಲ್ಲಿ, ಬಲಗೈಗೆ ಸಿಗುವ ಹಾಗೆ, ಕಂಡಿಕೆ ಇಡುವ ಸಣ್ಣ ಗೂಡು ಕಂಡೆ. ಎಲ್ಲೋ ನೋಡಿದ ಗೂಡು. ಅಜ್ಜಿಯ ಮನೆಯ ಕುಣಿಯ ಪಕ್ಕದಲ್ಲಿ ಅಂಥದೇ ಗೂಡಿನಲ್ಲಿ ನಾವು ಗೋಲಿ ಬಚ್ಚಿಡುತ್ತಿದ್ದೆವು. ರಾತ್ರಿಯೇ ಅವ್ವನಿಗೆ ಫೋನು ಮಾಡಿದೆ.

"ಹ್ಞೂ ಕಣೋ, ಮಗ್ಗದ ಕುಣಿ. ನಮ್ಮಪ್ಪನ ಅಪ್ಪ ನೇಯ್ತಿದ್ನಂತೆ. ಪಂಚೆ, ಹಚ್ಚಡ. ಊರೋರು ಅದನ್ನೇ ಉಡ್ತಿದ್ರು. ನೀರು ಚಿಮುಕ್ಸಿ ತಗಳ್ಳೋರಂತೆ."

"ಯಾಕವ್ವ ನೀನು ಇಷ್ಟು ದಿನ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ. ಮಗ್ಗದ ಮರ ಒಲೆಗೆ ಹೋದ್ಮ್ಯಾಲೆ ಅದ್ರದ್ದೇನು ಹೇಳೋದು?"

ನಮ್ಮ ಮಗ್ಗವನ್ನು ರೈಲು ತಿಂದಿತು. ಕುರುಬರ ಮಗ್ಗವನ್ನು ಏನು ತಿನ್ನುತ್ತಿದೆ ಅನ್ನೋದು ಅಜ್ಜನ ಬಾಯಲ್ಲೇ ಬಂತು: "ಕುರಿ ಎಲ್ಲಿ ಮೇಯಸ್ಬೇಕಪ್ಪ?" ಹರಿಹರದ ಎದುರು ದಡದಲ್ಲಿ, ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ನೀಲಗಿರಿ ಮರ ಅರೆದು ರೇಯಾನ್ ನೂಲಿಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆ. ಬಟ್ಟೆ ಕುರಿಯ ಬೆನ್ನಿನಿಂದಲೂ ಅಲ್ಲ, ಹತ್ತಿಯ ಗಿಡದಿಂದಲೂ ಅಲ್ಲ, ಮರದಿಂದ ಬರುವ ಕಾಲ. ಅದಕ್ಕೆ ಮರ ಬೆಳೆಸಲು 1984ರಲ್ಲಿ ಸರ್ಕಾರ ಆ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿತು. ಸುಮಾರು 30,000 ಹೆಕ್ಟೇರ್ ಊರೊಟ್ಟಿನ ನೆಲ ಅದಕ್ಕೆ ಎಂದಾಯಿತು. ದನ, ಕುರಿ ಮೇಯುವ ನೆಲ. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಅದು. 1990ರ ದಶಕದ ಆರಂಭದಲ್ಲಿ ಆ ಸಂಸ್ಥೆ ಮುಚ್ಚಿತು. ಗೆದ್ದದ್ದು ಅದೊಂದು ಕಡೆ. ಕಂಬಳಿ ಸಂತೆಗೆ ಹೆಸರಾದ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆಯನ್ನು 2009ರ ಆಸುಪಾಸಿನಲ್ಲಿ ರಕ್ಷಣಾ, ಅಣು, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಗೋಡೆ ಎದ್ದಿತು. ಕುರಿಗಾರರೂ ಕಂಬಳಿ ನೇಕಾರರೂ ಹೋರಾಡಿದರು. ಹುಲ್ಲು ಗೋಡೆಯ ಆಚೆಗಿದೆ.

ಎಂಟನೆಯ ದಿನ ಹೊರಟಾಗ ನಾನು ನೇಯ್ದದ್ದು ಅಜ್ಜನ ಕಂಬಳಿಯಲ್ಲಿ ಒಂದು ಗೇಣು. ಅಂಚು ಹಾವಿನ ಹಾಗೆ ಡೊಂಕು. ಬಿಚ್ಚಿ ಹಾಕು ಅಜ್ಜ ಅಂದೆ. ಕಲಿಸಿದ್ದಕ್ಕೆ ದುಡ್ಡು ಮುಂದೆ ಹಿಡಿದೆ. ದುಡ್ಡನ್ನು ಅಜ್ಜಿ ತಗೊಂಡಳು, ಎಣಿಸಿ ಅರ್ಧ ವಾಪಸ್ ಕೊಟ್ಟಳು. ಅಜ್ಜ ಕುಣಿಗೆ ಇಳಿದು ನನ್ನ ಗೇಣಿನ ಮುಂದಕ್ಕೆ ಲಾಳಿ ತೂರಿದ.

"ಇರ್ಲಿ ಬಿಡು. ಸಂತ್ಯಾಗೆ ಗಿರಾಕಿ ಇದ್ನ ನೋಡಿ ಐವತ್ತು ಕಡಿಮೆ ಕೇಳ್ತಾನೆ. ಹೆಂಗಿದ್ರೂ ಕೇಳ್ತಾನೆ."