ಮೂವತ್ತನೆಯ ದಿನ ಯಾವುದು?

ನವರಾತ್ರಿಯನ್ನು ನಾವು ಪಾಡ್ಯದಿಂದ ಎಣಿಸುತ್ತೇವೆ. ಗೊಂಬೆ ಕೂರಿಸಿದ ದಿನವೇ ಒಂದನೆಯ ದಿನ. ಮಗುವಿನ ನಾಮಕರಣಕ್ಕೂ ಹುಟ್ಟಿದ ದಿನವನ್ನು ಸೇರಿಸಿಕೊಂಡೇ ಹನ್ನೊಂದೋ ಹನ್ನೆರಡೋ ಎಣಿಸುವುದು ನಮ್ಮ ಕಡೆಯ ಮನೆಗಳ ರೂಢಿ. ಸರ್ಕಾರಿ ಕಾಗದಗಳ ಎಣಿಕೆ ಹಾಗಲ್ಲ. 1897ರಲ್ಲಿ ಬ್ರಿಟಿಷರು ಮಾಡಿಟ್ಟು ಹೋದ ಜನರಲ್ ಕ್ಲಾಸಸ್ ಆಕ್ಟ್ ಎಂಬ ಕಾಯಿದೆ ಇದೆ. ಕಾನೂನಿನಲ್ಲಿ ‘ಇಂಥ ದಿನದಿಂದ’ ಎಂದು ಬರೆದಿದ್ದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸಬೇಕು ಎನ್ನುತ್ತದೆ ಅದು. ಒಂದು ದಿನದ ವ್ಯತ್ಯಾಸ ಅಷ್ಟೇ ತಾನೆ ಎನ್ನಬಹುದು. ಆದರೆ ವಿಧವಾ ವೇತನದ ಅರ್ಜಿ ಎಲ್ಲಿ ಕೂತಿದೆ ಎಂದು ಕೇಳಿ ಉತ್ತರಕ್ಕೆ ಕಾದವರಿಗೆ ಆ ಒಂದು ದಿನದ ಬೆಲೆ ಗೊತ್ತು.

ಪ್ರಜೆ ಕೇಳಿದ್ದಕ್ಕೆ ಸರ್ಕಾರ ಇಷ್ಟು ದಿನದೊಳಗೆ ಉತ್ತರ ಹೇಳಬೇಕು ಎಂಬ ವಿಚಾರ ಬಹಳ ತಡವಾಗಿ ಹುಟ್ಟಿತು. ಸರ್ಕಾರದ ಕಾಗದಗಳನ್ನು ಜನ ನೋಡಬಹುದು ಎಂದು ಮೊದಲು ಕಾನೂನು ಮಾಡಿದ ದೇಶ ಸ್ವೀಡನ್, 1766ರ ಡಿಸೆಂಬರ್ 2ರಂದು. ಅದಕ್ಕಾಗಿ ಹೋರಾಡಿದವರಲ್ಲಿ ಮುಖ್ಯರಾದ ಆಂಡೆರ್ಸ್ ಕ್ಯುಡೇನಿಯಸ್ ಒಬ್ಬ ಪಾದ್ರಿ. ಅಮೆರಿಕದಲ್ಲಿ ಇಂಥ ಕಾಯಿದೆ ಬಂದದ್ದು 1966ರಲ್ಲಿ. ಆದರೆ ಅದರಲ್ಲಿ ದಿನದ ಲೆಕ್ಕವೇ ಇರಲಿಲ್ಲ. ಕೊಡುತ್ತೇವೆ ಎಂದರು, ಯಾವಾಗ ಎಂದು ಹೇಳಲಿಲ್ಲ. ಸಾಲಗಾರನ ಮಾತಿನ ಹಾಗೆ ಅನ್ನಿ. ವಾಟರ್‌ಗೇಟ್ ಹಗರಣವಾಗಿ ನಿಕ್ಸನ್ ಕುರ್ಚಿ ಬಿಟ್ಟ ಮೇಲೆ, 1974ರಲ್ಲಿ, ಅಧ್ಯಕ್ಷ ಫೋರ್ಡ್ ತಡೆದರೂ ಕೇಳದೆ ಅಲ್ಲಿನ ಸಂಸತ್ತು ಹತ್ತು ಕೆಲಸದ ದಿನಗಳ ಗಡುವು ಹಾಕಿತು. 1996ರಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿದರು.

ನಮ್ಮ ದೇಶದ ಕಥೆ ಶುರುವಾದದ್ದು ಕಚೇರಿಯಲ್ಲಲ್ಲ, ರಾಜಸ್ಥಾನದ ಬರಗಾಲದ ಕಾಮಗಾರಿಗಳಲ್ಲಿ. ಕೆರೆ ತೋಡಿ, ರಸ್ತೆ ಮಾಡಿ ದುಡಿದ ಹೆಂಗಸರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, ನೀವು ಮಾಡಿದ ಕೆಲಸ ಅಷ್ಟೇ, ಪುಸ್ತಕದಲ್ಲಿ ಹಾಗೇ ಬರೆದಿದೆ ಎಂಬ ಉತ್ತರ. ಹಾಗಾದರೆ ಪುಸ್ತಕ ತೋರಿಸಿ ಎಂದರೆ, ಅದು ಸರ್ಕಾರಿ ಗುಟ್ಟು. ಐ.ಎ.ಎಸ್. ಬಿಟ್ಟು ಬಂದಿದ್ದ ಅರುಣಾ ರಾಯ್, ಜೊತೆಗೆ ನಿಖಿಲ್ ಡೇ, ಶಂಕರ್ ಸಿಂಗ್ 1987ರಿಂದ ದೇವ್‌ಡೂಂಗರಿ ಎಂಬ ಹಳ್ಳಿಯಲ್ಲಿ ನೆಲೆಸಿದ್ದರು. 1990ರ ಮೇ 1ರಂದು ಹುಟ್ಟಿದ ಅವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್ 2ರಂದು ಕೋಟ್ ಕಿರಾನಾದಲ್ಲಿ ಮೊದಲ ಜನಸುನಾವಣೆ ನಡೆಸಿತು. ಸ್ವೀಡನ್ನಿನ ತಾರೀಖೂ ಅದೇ. ಕಾಕತಾಳೀಯ ನಿಜ, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ. ಅಂದು ಕೂಲಿ ಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಬಾರದವರ ಹೆಸರು, ಬಾರದ ಕೂಲಿಯ ಲೆಕ್ಕ, ಎಲ್ಲ ಬಯಲಿಗೆ ಬಿತ್ತು.

1995ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲಿ, ಕಾಮಗಾರಿ ಕಾಗದಗಳ ನಕಲು ಕೊಡುತ್ತೇವೆ ಎಂದು ಮಾತು ಕೊಟ್ಟರು. ವರ್ಷ ಕಳೆಯಿತು. ಬಂದ ಆದೇಶ, ನೋಡಬಹುದು, ಕೈಯಲ್ಲಿ ಬರೆದುಕೊಳ್ಳಬಹುದು, ನಕಲು ಮಾತ್ರ ಇಲ್ಲ ಎಂದಿತು. ಓದು ಬಾರದವರಿಗೆ ಬರೆದುಕೊಳ್ಳಿ ಎನ್ನುವುದು ಎಂಥ ಉದಾರತೆ ನೋಡಿ! 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದ ಚಾಂಗ್ ಗೇಟಿನಲ್ಲಿ ಧರಣಿ ಕೂತರು, ನಲವತ್ತು ದಿನ. ಮರುವರ್ಷ ಜೈಪುರದಲ್ಲಿ ಐವತ್ತಮೂರು ದಿನ. ಆ ಎರಡನೆಯ ಧರಣಿಯ ಕೊನೆಗೆ ಸರ್ಕಾರ ಹೇಳಿದ್ದೇನು ಗೊತ್ತೆ? ಪಂಚಾಯಿತಿ ಕಾಗದಗಳ ನಕಲು ಕೊಡುವ ನಿಯಮ ಆರು ತಿಂಗಳ ಹಿಂದೆಯೇ ಗೆಜೆಟ್ಟಿನಲ್ಲಿ ಬಂದಿದೆ ಅಂತ! ಮಾಹಿತಿ ಕೊಡುವ ನಿಯಮದ ಮಾಹಿತಿಯೇ ಬೀದಿಯಲ್ಲಿ ಕೂತವರಿಗೆ ಸಿಕ್ಕಿರಲಿಲ್ಲ.

ಆ ದಿನಗಳಲ್ಲಿ ಸುಶೀಲಾ ಎಂಬ ಹಳ್ಳಿಯ ಹೆಂಗಸು ದೆಹಲಿಯ ಪತ್ರಕರ್ತರ ಮುಂದೆ ಹೇಳಿದ ಮಾತನ್ನು ಈ ಚಳವಳಿಯ ಬಗ್ಗೆ ಬರೆದವರು ಮತ್ತೆ ಮತ್ತೆ ನೆನೆಯುತ್ತಾರೆ. ಆಕೆ ಓದಿದ್ದು ನಾಲ್ಕನೆಯ ತರಗತಿ. ಮಗನಿಗೆ ಹತ್ತು ರೂಪಾಯಿ ಕೊಟ್ಟು ಬಜಾರಿಗೆ ಕಳಿಸಿದರೂ ಲೆಕ್ಕ ಕೇಳುತ್ತೇನೆ, ನನ್ನ ಹೆಸರಿನಲ್ಲಿ ಕೋಟಿಗಟ್ಟಲೆ ಖರ್ಚು ಮಾಡುವ ಸರ್ಕಾರವನ್ನು ಕೇಳಬಾರದೆ ಎಂಬ ಅರ್ಥದ ಮಾತು ಅದು. ಡಬ್ಬಿಯ ತಳದಲ್ಲಿ ಚಿಲ್ಲರೆ ಕೂಡಿಟ್ಟು ಸಂಸಾರ ತೂಗಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕ ಹಿಂದೆ ಬೀಳಲಿಲ್ಲ. 2000ದಲ್ಲಿಯೇ ನಮ್ಮ ರಾಜ್ಯದ ಮಾಹಿತಿ ಹಕ್ಕಿನ ಕಾಯಿದೆ ಬಂತು, 2002ರಲ್ಲಿ ಜಾರಿಯಾಯಿತು. ಅದರ ಗಡುವು ಹದಿನೈದು ಕೆಲಸದ ದಿನಗಳು. ಕೇಂದ್ರದ ಕಾಯಿದೆ ಬಂದದ್ದು 2005ರಲ್ಲಿ. ಅದು ಹಿಡಿದದ್ದು ಮೂವತ್ತು ದಿನ. ಭಾನುವಾರ, ಎರಡನೇ ಶನಿವಾರ, ಹಬ್ಬ ಎಲ್ಲ ಸೇರಿ ಮೂವತ್ತು. ದಿನ ಹೆಚ್ಚಾದರೂ ನನಗೆ ಇದೇ ವಾಸಿ ಎನಿಸುತ್ತದೆ. ಯಾವ ದಿನ ಕಚೇರಿಗೆ ರಜೆ, ಯಾವ ದಿನ ಇಲ್ಲ ಎಂದು ಸಾಮಾನ್ಯರು ಹುಡುಕುತ್ತ ಕೂರಬೇಕಾಗಿಲ್ಲ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಎಣಿಸಬಹುದು.

ತಮಾಷೆಯೆಂದರೆ ಈ ಕಾಯಿದೆಯೇ ಒಂದು ಎಣಿಕೆಯಿಂದ ಹುಟ್ಟಿದ್ದು. ಅಂಗೀಕಾರವಾದ ನೂರಿಪ್ಪತ್ತನೆಯ ದಿನ ಪೂರ್ತಿ ಜಾರಿಗೆ ಬರುತ್ತದೆ ಎಂದು ಅದರಲ್ಲೇ ಬರೆದಿತ್ತು. ರಾಷ್ಟ್ರಪತಿಗಳ ಸಹಿಯಾದದ್ದು 2005ರ ಜೂನ್ 15. ಆ ದಿನವನ್ನೂ ಸೇರಿಸಿ, ನಮ್ಮ ಅಜ್ಜಿಯರ ಹಾಗೆ ಎಣಿಸಿದರೆ, ನೂರಿಪ್ಪತ್ತನೆಯ ದಿನ ಅಕ್ಟೋಬರ್ 12. ಅಂದೇ ಜಾರಿಯಾಯಿತು, ಆ ವರ್ಷದ ವಿಜಯದಶಮಿ ಕೂಡ ಅಂದೇ.

ಅರ್ಜಿಯ ಲೆಕ್ಕದಲ್ಲಿ ಮಾತ್ರ ಮೊದಲ ದಿನ ಬಿಟ್ಟು ಹೋಗುತ್ತದೆ. ಮೇ 2ರಂದು ಕಚೇರಿಗೆ ನಿಮ್ಮ ಅರ್ಜಿ ಮುಟ್ಟಿತು ಎನ್ನಿ. ನೀವು ಬರೆದ ದಿನವಲ್ಲ, ಅಂಚೆಗೆ ಹಾಕಿದ ದಿನವೂ ಅಲ್ಲ, ಅವರಿಗೆ ಮುಟ್ಟಿದ ದಿನ. ಹಾಗಾಗಿ ಸ್ವೀಕೃತಿಯ ಮೊಹರು ಬೇಕೇ ಬೇಕು. ಮೇ 3 ಒಂದನೆಯ ದಿನ, ಜೂನ್ 1 ಮೂವತ್ತನೆಯದು. ಸಹಾಯಕ ಮಾಹಿತಿ ಅಧಿಕಾರಿಯ ಕೈಗೆ ಕೊಟ್ಟಿದ್ದರೆ ಇನ್ನೂ ಐದು ದಿನ. ಬೇರೆ ಕಚೇರಿಯ ವಿಷಯವಾದರೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಪ್ರಾಣ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ ದಿನಗಳ ಮಾತೇ ಇಲ್ಲ, ನಲವತ್ತೆಂಟು ಗಂಟೆ.

ಎಡವುವುದು ಶುಲ್ಕದಲ್ಲಿ. ಪುಟಗಳಿಗೆ ಇಷ್ಟು ಹಣ ಕಟ್ಟಿ ಎಂದು ಅವರು ಪತ್ರ ರವಾನಿಸಿದ ದಿನ ಗಡಿಯಾರ ನಿಲ್ಲುತ್ತದೆ, ನೀವು ಕಟ್ಟಿದ ಮೇಲೆ ಮತ್ತೆ ನಡೆಯುತ್ತದೆ. ಮೇ 20ರಂದು ಪತ್ರ ಹೊರಟು, ನೀವು 29ರಂದು ಕಟ್ಟಿದರೆ, ನಡುವಿನ ಒಂಬತ್ತು ದಿನ ಲೆಕ್ಕಕ್ಕಿಲ್ಲ. ಜೂನ್ 1 ಇದ್ದದ್ದು ಜೂನ್ 10 ಆಗುತ್ತದೆ. ನೀವು ತಡ ಮಾಡಿದಷ್ಟೂ ಅವರಿಗೆ ಬಿಡುವು.

ನಮ್ಮ ಬೀದಿಯ ಒಬ್ಬಾಕೆಯ ವಿಧವಾ ವೇತನದ ವಿಷಯಕ್ಕೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ನಾನೇ ಅರ್ಜಿ ಬರೆದುಕೊಟ್ಟಿದ್ದೆ. ಆರು ಪುಟಕ್ಕೆ ಹನ್ನೆರಡು ರೂಪಾಯಿ ಕಟ್ಟಿ ಎಂದು ಪತ್ರ ಬಂತು. ಒಳಗಿನ ಕಾಗದದ ತಾರೀಖು ಇಪ್ಪತ್ತೆಂಟನೆಯ ದಿನದ್ದು, ಲಕೋಟೆಯ ಮೇಲಿನ ಅಂಚೆ ಮೊಹರು ಮೂವತ್ತಮೂರನೆಯ ದಿನದ್ದು. ಕಾಯಿದೆ ಹೇಳುವುದು ರವಾನೆಯ ದಿನ. ಗಡುವು ಮೀರಿದರೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕೆಂದೂ ಇದೆ. ಹನ್ನೆರಡು ರೂಪಾಯಿ ದೊಡ್ಡದಲ್ಲ, ಕಟ್ಟಿಬಿಡೋಣ ಅಂದೆ ನಾನು. ಆಕೆ ಒಪ್ಪಲಿಲ್ಲ. ಲಕೋಟೆಯ ನಕಲು ಲಗತ್ತಿಸಿ ಮೊದಲ ಮೇಲ್ಮನವಿ ಹಾಕಿದಳು. ಅದಕ್ಕೂ ಮೂವತ್ತು ದಿನದ ಗಡುವು ನಮಗಿದೆ. ತೀರ್ಮಾನಕ್ಕೆ ಅವರಿಗೆ ಮೂವತ್ತು, ಕಾರಣ ಬರೆದರೆ ನಲವತ್ತೈದು. ಆರು ಪುಟ ಪುಕ್ಕಟೆ ಬಂದವು. ವೇತನ ಮಂಜೂರಾಗಿ ಹನ್ನೊಂದು ತಿಂಗಳಾಗಿತ್ತು, ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತ್ತು.

ಆಕೆಯ ಕೆಲಸ ಅಲ್ಲಿಗೆ ಮುಗಿಯಿತು. ಮುಗಿಯದವರು ತೊಂಬತ್ತು ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಹಾಕಬೇಕು. ಸರಿಯಾದ ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಆಯೋಗ ಎಷ್ಟು ದಿನದಲ್ಲಿ ತೀರ್ಮಾನಿಸಬೇಕು ಎಂದು ಮಾತ್ರ ಕಾಯಿದೆ ಎಲ್ಲೂ ಬರೆದಿಲ್ಲ. ಅಲ್ಲಿ ವರ್ಷಗಟ್ಟಲೆ ಕಾದವರಿದ್ದಾರೆ.